ಅಂತೆ ಹೇಳಿದ ಮಾತು

ಎಸ್ಕಿಲ್‌ಸ್ಟುನಾ
1 ಸೆಪ್ಟೆಂಬರ್ 2024

ತಂಗಿ ಶೋಭನಾಗೆ ಅಣ್ಣನ ಆಶೀರ್ವಾದ.

ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಿಗೂ ಜಗಳವಾಗುತ್ತದೆ. ಮುಖ್ಯವಾದ ವಿಷಯಗಳನ್ನು ಕಾಗದದ ಮೇಲೆ, ಕನ್ನಡದಲ್ಲಿ ಬರೆಯಬೇಕೆಂದು ಯುಗಾದಿಯಂದು ಒಪ್ಪಿಕೊಂಡಿದ್ದೆವಲ್ಲ, ಅದರ ಪ್ರಕಾರ ಬರೆಯುತ್ತಿದ್ದೇನೆ. ಜಗಳಕ್ಕೂ ಅಂಚೆಚೀಟಿ ಹಚ್ಚಬೇಕೆಂದಾಗ ಮನುಷ್ಯ ಸ್ವಲ್ಪ ಯೋಚಿಸುತ್ತಾನೆ.

ನಾನು ಬೇಟೆಗಾರರ ಪರೀಕ್ಷೆ ಪಾಸಾದೆ. ಲಿಖಿತ ಪರೀಕ್ಷೆ ಪೂರ್ತಿ ಸ್ವೀಡಿಷಿನಲ್ಲಿತ್ತು. ಗುಂಡು ಹೊಡೆಯುವ ಪರೀಕ್ಷೆಯಲ್ಲಿ ಹಳಿಯ ಮೇಲೆ ಓಡುವ ರಟ್ಟಿನ ಎಲ್ಕ್ ಸಾರಂಗವನ್ನು ಮೊದಲ ಸಲಕ್ಕೇ ಸರಿಯಾದ ಜಾಗದಲ್ಲಿ ಹೊಡೆದೆ. ಸೊಲ್ಲೆಂಟುನಾದ ರಾಘವ್ ನನ್ನ ಜತೆಗೇ ಕಲಿತವನು, ಎರಡನೆಯ ಸಲಕ್ಕೆ ಪಾಸಾದ. ಇದನ್ನು ನಾನು ಬರೆದೆನೆಂದು ಅವನಿಗೆ ಹೇಳಬೇಡ. ಇಬ್ಬರಿಗೂ ಬಂದೂಕಿನ ಪರವಾನಗಿ ಬಂದಿದೆ.

ನಮ್ಮ ಯೋಜನೆ ಹೀಗಿದೆ. ಫೆಬ್ರವರಿಯಲ್ಲಿ ಯೊಕ್‌ಮೊಕ್ ದಾಟಿ, ರಸ್ತೆ ಮುಗಿಯುವ ಕಡೆ ಹೋಗಿ ಕಾರಿಬೂ ಬೇಟೆಯಾಡುವುದು. ಕೆನಡಾದ ಬೇಟೆಗಾರರು ಒಂದೇ ಹೆಜ್ಜೆಗುರುತನ್ನು ಹಿಡಿದು ಹಿಮದಲ್ಲಿ ದಿನಗಟ್ಟಲೆ ನಡೆಯುವುದನ್ನು ಅನುವಾದದ ಕಾದಂಬರಿಗಳಲ್ಲಿ ಓದಿದಾಗಿನಿಂದ ಈ ಆಸೆ ಇದೆ. ಅಲ್ಲಿಯವರು ಕಾರಿಬೂ ಅನ್ನುವುದೂ ಇಲ್ಲಿಯವರು ರೇನ್ ಅನ್ನುವುದೂ ಒಂದೇ ಪ್ರಾಣಿ. ನಿಘಂಟು ಎರಡಕ್ಕೂ ಹಿಮಸಾರಂಗ ಎನ್ನುತ್ತದೆ. ಪರಿಶೀಲಿಸಿದ್ದೇನೆ.

ಮೊನ್ನೆ ಆಫೀಸಿನ ಕಾಫಿ ಬಿಡುವಿನಲ್ಲಿ, ಫಿಕಾಕ್ಕೆ ಕೂತಾಗ ಸಹೋದ್ಯೋಗಿಗಳಿಗೆ ಇದನ್ನು ಹೇಳಿದೆ. ಲೆನ್ನಾರ್ತ್ ಎಂಬ ಹಿರಿಯರಿದ್ದಾರೆ, ಮೂವತ್ತು ವರ್ಷ ಬೇಟೆಯಾಡಿದವರು. ಅವರು ಕಾಫಿ ಲೋಟ ಕೆಳಗಿಟ್ಟು "ಇಂತ್ರೆಸ್ಸಾಂತ್" ಎಂದರು. ಆಸಕ್ತಿಕರ, ಅಂದರೆ. ಆಮೇಲೆ ಮೇಜಿನ ಸುತ್ತ ಕೂತವರೆಲ್ಲ ಒಬ್ಬರ ಹಿಂದೊಬ್ಬರು ಅದನ್ನೇ ಹೇಳಿದರು. ಈ ಜನ ಸುಮ್ಮಸುಮ್ಮನೆ ಹೊಗಳುವುದಿಲ್ಲವೆಂದು ನಿನಗೂ ಗೊತ್ತು. ಎಂಟು ವರ್ಷದಲ್ಲಿ ಆ ಮೇಜಿನ ಬಳಿ ನನ್ನ ಮಾತಿಗೆ ಎಲ್ಲರೂ ಕಿವಿಗೊಟ್ಟದ್ದು ಇದೇ ಮೊದಲು.

ನೀನು ಲುಲೆಯೊದಲ್ಲಿದ್ದೀಯ, ಉತ್ತರ ನಿನಗೆ ಹತ್ತಿರ. ಯಾವ ಜಾಗ, ಯಾರ ಅನುಮತಿ, ಉಳಿಯಲು ಗುಡಿಸಲು ಎಲ್ಲಿ, ಹಿಮದ ಸ್ಕೂಟರ್ ಬಾಡಿಗೆಗೆ ಯಾರು ಕೊಡುತ್ತಾರೆ, ಇಷ್ಟನ್ನು ವಿಚಾರಿಸಿ ಬರೆ.

ನಿನ್ನ ಅಣ್ಣ
ಸಿದ್ದಲಿಂಗ


ಲುಲೆಯೊ
15 ಸೆಪ್ಟೆಂಬರ್ 2024

ಅಣ್ಣನಿಗೆ ಶೋಭನಾಳ ನಮಸ್ಕಾರ.

ಪರೀಕ್ಷೆ ಪಾಸಾದದ್ದು ಬಹಳ ಸಂತೋಷ. ರಟ್ಟಿನ ಎಲ್ಕ್‌ಗೆ ನನ್ನ ಸಂತಾಪ.

ಇಲ್ಲಿ ಬರ್ಚ್ ಎಲೆಗಳು ಹಳದಿಯಾದವು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಹಾಯುವ ರಸ್ತೆ ಎಷ್ಟು ಭಾರ ತಡೆಯುತ್ತದೆ ಎಂಬುದು ನನ್ನ ಸಂಶೋಧನೆ, ನಿನಗೆ ಗೊತ್ತು. ಸಮುದ್ರ ಇನ್ನೂ ನೀರಾಗಿಯೇ ಇರುವುದರಿಂದ ಈಗ ಬಿಡುವಿದೆ, ನಿನ್ನ ಕೆಲಸ ವಿಚಾರಿಸಿದೆ.

ಉತ್ತರದಲ್ಲಿ ಕಾಡು ಹಿಮಸಾರಂಗವೇ ಇಲ್ಲ, ಇರುವ ಒಂದೊಂದಕ್ಕೂ ಒಡೆಯರಿದ್ದಾರೆ, ಕಿವಿ ನೋಡಿದರೆ ಯಾರದೆಂದು ತಿಳಿಯುತ್ತದೆ ಎಂದು ಅಂತೆ ಹೇಳಿದ. ಬೇಟೆಯ ಮಾತೆತ್ತಿದಾಗ ಅಂತೆ ನಕ್ಕ. ಬೇಕಾದರೆ ಚಳಿಗಾಲದಲ್ಲಿ ಬೆಟ್ಟದ ಮೇಲೆ ರೀಪಾ ಎಂಬ ಬಿಳಿ ಹಕ್ಕಿಯನ್ನು ಹೊಡೆಯಬಹುದು, ಅದಕ್ಕೆ ಅನುಮತಿ ಸಿಗುತ್ತದೆ.

"ಇಂತ್ರೆಸ್ಸಾಂತ್" ಬಗ್ಗೆ ಒಂದು ಮಾತು. ನನ್ನ ಕರಡನ್ನು ಓದಿ ಮಾರ್ಗದರ್ಶಕರು ಹಾಗೆಂದರೆ ನಾನು ಆ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತೇನೆ.

ಬೇಟೆ ಇರಲಿ ಬಿಡಲಿ, ಫೆಬ್ರವರಿಯಲ್ಲಿ ನೀನು ಬಾ. ಬರಲೇಬೇಕು.

ಶೋಭನಾ


ಎಸ್ಕಿಲ್‌ಸ್ಟುನಾ
25 ಸೆಪ್ಟೆಂಬರ್ 2024

ತಂಗಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಮೊದಲು ಭಾಷೆಯ ವಿಷಯ. "ತಿಳಿಯುತ್ತದೆ ಎಂದು ಅಂತೆ ಹೇಳಿದ" ಎಂದರೇನು? ಹೇಳಿದವನು ಯಾರು? ಕರ್ತೃವೇ ಇಲ್ಲ. "ತಿಳಿಯುತ್ತದಂತೆ" ಎಂದಾಗಬೇಕು, ಇಲ್ಲವೇ "ಎಂದು ಹೇಳಿದನಂತೆ" ಎಂದಾಗಬೇಕು. "ಅಂತೆ ನಕ್ಕ" ಎನ್ನುವುದಂತೂ ಕನ್ನಡವೇ ಅಲ್ಲ. "ನಕ್ಕನಂತೆ". ಅಪ್ಪ ಕನ್ನಡದ ಮಾಸ್ತರರಾಗಿದ್ದರು ಎಂಬುದನ್ನು ಮರೆಯಬೇಡ.

ಎರಡನೆಯದು, ನಾನು ಕೇಳಿದ್ದು ಖಚಿತ ಮಾಹಿತಿ. ನೀನು ಕಳಿಸಿದ್ದು ಅಂತೆ-ಕಂತೆ. ಲಕ್ಷಾಂತರ ಪ್ರಾಣಿಗಳು ಬಯಲಿನಲ್ಲಿ ಅಲೆಯುತ್ತಿವೆ, ಬೇಲಿಯಿಲ್ಲ, ಕೊಟ್ಟಿಗೆಯಿಲ್ಲ, ಪ್ರತಿಯೊಂದಕ್ಕೂ ಒಡೆಯ ಇದ್ದಾನೆಂದರೆ ಯಾರು ನಂಬುತ್ತಾರೆ?

ಹಕ್ಕಿಯ ಸಲಹೆ ರಾಘವ್‌ಗೆ ಹಿಡಿಸಿತು. ನನಗೆ ಹಿಡಿಸಲಿಲ್ಲ. ಕಾರಿಬೂ ತರುತ್ತೇನೆಂದು ಲೆನ್ನಾರ್ತ್ ಎದುರು ಹೇಳಿ, ಕೋಳಿಯಷ್ಟು ಹಕ್ಕಿಯನ್ನು ಹಿಡಿದುಕೊಂಡು ಬರಲೇ?

ಸಿದ್ಧತೆ ನಡೆದಿದೆ. ಮೊಣಕಾಲಿನವರೆಗಿನ ಬೂಟು ತಂದೆ. ಪೆಟ್ಟಿಗೆಯಿಂದ ನಮ್ಮಜ್ಜ ಮುತ್ಯಾನ ಕರಿ ಕಂಬಳಿ ತೆಗೆದು ಬಾಲ್ಕನಿಯಲ್ಲಿ ಗಾಳಿಗೆ ಹಾಕಿದ್ದೇನೆ. ಕೆಳಮನೆಯವರು ವಾಸನೆ ಎಂದು ದೂರಿದರು. ಚಲೋ ಕಂಬಳಿಗೆ ವಾಸನೆ ಇರುತ್ತದೆ ಎಂದೆ.

ನಿನಗೆ ತೊಂದರೆ ಬೇಡ. ಇನ್ನು ಮುಂದೆ ನಾನೇ ನೇರವಾಗಿ ವಿಚಾರಿಸುತ್ತೇನೆ.

ಅಣ್ಣ


ಲುಲೆಯೊ
9 ಅಕ್ಟೋಬರ್ 2024

ಅಣ್ಣನಿಗೆ ನಮಸ್ಕಾರ.

ಆ ವಾಕ್ಯ ಸರಿಯಾಗಿಯೇ ಇತ್ತು. ಹೇಗೆಂದು ನೀನು ಬಂದಾಗ ಹೇಳುತ್ತೇನೆ, ಬರೆಯುವ ವಿಷಯವಲ್ಲ.

ದಯವಿಟ್ಟು ಯಾರಿಗೂ ನೇರವಾಗಿ ಬರೆಯಬೇಡ. ಇದು ಸಣ್ಣ ಊರುಗಳ ನಾಡು. ಒಬ್ಬರಿಗೆ ಬರೆದದ್ದು ಎಲ್ಲರಿಗೂ ಬರೆದಂತೆ.

ಮೊದಲ ಹಿಮ ಬಿತ್ತು, ಮಧ್ಯಾಹ್ನಕ್ಕೆ ಕರಗಿತು. ಹೀಗೆ ಬಿದ್ದು ಕರಗಿ ಮತ್ತೆ ಹೆಪ್ಪುಗಟ್ಟಿದರೆ ನೆಲದ ಪಾಚಿಯ ಮೇಲೆ ಮಂಜಿನ ಹಲಗೆ ಕೂರುತ್ತದೆ, ಹಿಂಡಿಗೆ ಮೇವು ಸಿಗುವುದಿಲ್ಲ.

ಶೋಭನಾ


ಎಸ್ಕಿಲ್‌ಸ್ಟುನಾ
20 ಅಕ್ಟೋಬರ್ 2024

ತಂಗಿಗೆ ಆಶೀರ್ವಾದ.

ನಿನ್ನ ಕಾಗದ ತಲುಪುವ ಮೊದಲೇ ನಾನು ಬರೆದಾಗಿತ್ತು, ಉತ್ತರವೂ ಬಂದಾಗಿತ್ತು. ಕೆಲಸ ಹೀಗೆ ಮಾಡಬೇಕು.

ನಿನ್ನ ಅಂತೆ-ಕಂತೆಯಲ್ಲಿ ಅರ್ಧ ನಿಜವಿದೆ, ಒಪ್ಪುತ್ತೇನೆ. ಅಲ್ಲಿ ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಹಿಂಡುಗಾರರ ಒಕ್ಕೂಟಗಳಿವೆ. ಒಡೆಯರಿದ್ದರೆ ಇನ್ನೂ ಸುಲಭವಾಯಿತು, ಕೇಳಲು ಒಬ್ಬರು ಸಿಕ್ಕರು. ಯೊಕ್‌ಮೊಕ್ ಕಡೆಯ ಒಂದು ಒಕ್ಕೂಟದ ಇಮೇಲ್ ವಿಳಾಸ ಹುಡುಕಿ, ನಾನು ಯಾರು, ನಮ್ಮ ಊರು ಯಾವುದು, ನನ್ನ ಪರವಾನಗಿ ಎಂಥದು ಎಲ್ಲವನ್ನೂ ಒಳ್ಳೆಯ ಸ್ವೀಡಿಷಿನಲ್ಲಿ ಬರೆದೆ. ನಿಮ್ಮಲ್ಲಿ ಒಟ್ಟು ಎಷ್ಟು ಹಿಮಸಾರಂಗಗಳಿವೆ, ಅವುಗಳಲ್ಲಿ ಎಷ್ಟನ್ನು ಬೇಟೆಗೆ ಬಿಡುತ್ತೀರಿ ಎಂದು ಕೇಳಿದೆ.

ಮರುದಿನವೇ ಮಾರಿತ್ ಎಂಬ ಹೆಂಗಸಿನ ಉತ್ತರ ಬಂತು. ಎರಡೇ ಸಾಲು. "ಆಸಕ್ತಿಕರ ಪ್ರಶ್ನೆ. ನಿಮ್ಮ ಬ್ಯಾಂಕಿನಲ್ಲಿ ಎಷ್ಟಿದೆ?"

ನನಗೆ ಈ ನೇರ ಮಾತು ಇಷ್ಟವಾಯಿತು. ವ್ಯವಹಾರ ತಿಳಿದವರು. ಖರ್ಚು ಹೊರುವ ಶಕ್ತಿ ಇದೆಯೋ ಇಲ್ಲವೋ ಎಂದು ಮೊದಲೇ ನೋಡುತ್ತಾರೆ. ಅವ್ವನ ವೀಸಾಕ್ಕೆ ಕೊಟ್ಟಿದ್ದೆವಲ್ಲ, ಹಾಗೆಯೇ ಬ್ಯಾಂಕಿನ ಪ್ರಮಾಣಪತ್ರ, ಸಂಬಳದ ಚೀಟಿ, ಕಂಪನಿಯ ಪತ್ರ ಮೂರನ್ನೂ ಲಗತ್ತಿಸಿ ಕಳಿಸಿದ್ದೇನೆ. ಇನ್ನೂ ಉತ್ತರವಿಲ್ಲ. ಪರಿಶೀಲನೆಯಲ್ಲಿರಬೇಕು.

ಅಣ್ಣ


ಲುಲೆಯೊ
1 ನವೆಂಬರ್ 2024

ಅಣ್ಣಾ,

ಅಂತೆ ಎಂಬುದು ಹೆಸರು. ಅವನ ಹೆಸರೇ ಅಂತೆ. ಸ್ವೀಡಿಷರು ಆಂಡೆರ್ಸ್ ಅನ್ನುವುದನ್ನು ಸಾಮಿ ಜನ ಅಂತೆ ಅನ್ನುತ್ತಾರೆ. ನಾನು ಬರೆದ ವಾಕ್ಯಕ್ಕೆ ಕರ್ತೃ ಇದ್ದ. ಆರಡಿ ಎತ್ತರ ಇದ್ದಾನೆ.

ಮಂಜಿನ ದಪ್ಪ ಅಳೆಯಲು ನಮ್ಮ ವಿಭಾಗದವರು ಹೋದ ಸರೋವರದ ದಂಡೆಯಲ್ಲಿ ಅವನ ಮನೆ. ಎರಡು ಚಳಿಗಾಲದಿಂದ ಪರಿಚಯ. ಈ ಬೇಸಿಗೆಯಿಂದ ಪರಿಚಯಕ್ಕಿಂತ ಹೆಚ್ಚು. ನಿನಗೆ ಹೇಳಿದರೆ ಅದೇ ಸಂಜೆ ಅವ್ವನಿಗೆ ಹೋಗುತ್ತದೆಂದು ಹೇಳಲಿಲ್ಲ. ಫೆಬ್ರವರಿಯಲ್ಲಿ ನೀನು ಬಂದಾಗ ಎದುರಿಗೆ ನಿಲ್ಲಿಸಿ ಹೇಳೋಣವೆಂದುಕೊಂಡಿದ್ದೆ.

ಮಾರಿತ್ ಅವನ ತಾಯಿ.

ನಿನ್ನ ಪ್ರಮಾಣಪತ್ರವನ್ನು ಅವರು ತೆರೆದಾಗ ನಾನು ಅದೇ ಅಡುಗೆಮನೆಯಲ್ಲಿ ಕೂತಿದ್ದೆ. ಮೊದಲ ಪತ್ರದಲ್ಲಿಲ್ಲದ ಅಡ್ಡಹೆಸರನ್ನು ಅದರಲ್ಲಿ ನೋಡಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ಇವರು ನಿನ್ನವರೇ?" ಎಂದು ಕೇಳಿದರು. ಅಣ್ಣ ಎಂದೆ. ಅವರು ಪರದೆಯ ಕಡೆ ತಿರುಗಿ, "ನೀವು ಕುರಿ ಕಾಯುವವರ ಮನೆ ಎಂದಿದ್ದೆಯಲ್ಲ" ಎಂದರು. ನನ್ನ ಲೋಟಕ್ಕೆ ಮತ್ತೆ ಕಾಫಿ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

ಅವರು ನಿನ್ನ ಬ್ಯಾಂಕಿನ ಲೆಕ್ಕ ಕೇಳಿರಲಿಲ್ಲ. ಇನ್ನೊಬ್ಬರ ಹಿಂಡು ಎಷ್ಟೆಂದು ಕೇಳುವುದು ಇನ್ನೊಬ್ಬರ ಗಂಟು ಎಷ್ಟೆಂದು ಕೇಳಿದ ಹಾಗೆ ಎಂದು ನಿನಗೆ ತಿಳಿಸಿದ್ದು ಅದು. ಇಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಕೇಳಿದರೆ ಹೇಳುವುದಿಲ್ಲ.

ಅಣ್ಣಾ, ನಮ್ಮ ಮನೆಯಲ್ಲಿ ಯಾರು ಕೇಳುತ್ತಿದ್ದರು? ಜಾನುವಾರು ಗಣತಿಯ ಸಾಹೇಬರು ಹೊಲಕ್ಕೇ ಬಂದು, ಕುರಿ ಎಷ್ಟು ಬರೆದುಕೊಳ್ಳಬೇಕು ಎಂದಾಗ ನಮ್ಮಜ್ಜಿ, ಆಯಿ, ಏನೆಂದಳು? ನಾನು ಆಗ ತೀರ ಸಣ್ಣವಳು, ನನಗೇ ನೆನಪಿದೆ. "ಎಷ್ಟದಾವ ಅಂತ ಕೇಳಬ್ಯಾಡ್ರಿ ಸಾಹೇಬ್ರ. ಬೀರಪ್ಪ ಎಣಿಸ್ಯಾನ" ಎಂದು ಲೆಕ್ಕವನ್ನು ದೇವರಿಗೇ ಬಿಟ್ಟು, ಅವರ ಕೈಗೆ ಮಜ್ಜಿಗೆ ಕೊಟ್ಟಳು. ರಜೆಯಲ್ಲಿ ಮುತ್ಯಾನ ಜತೆ ಹಿಂಡಿನ ಹಿಂದೆ ನಡೆದವನು ನೀನು, ನಾನಲ್ಲ. ಸ್ವೀಡಿಷಿನಲ್ಲಿ ಬರೆದದ್ದರಿಂದ ಆ ಪ್ರಶ್ನೆ ನಿನಗೆ ಕೇಳಿಸಲಿಲ್ಲ. ಕನ್ನಡದಲ್ಲಿ ಬರೆದಿದ್ದರೆ ನಿನ್ನ ಕೈ ತಾನಾಗಿಯೇ ನಿಲ್ಲುತ್ತಿತ್ತು.

ಇಲ್ಲಿ ನನ್ನ ಡಿಗ್ರಿಯಿಂದ ನನಗೆ ಯಾರೂ ಬಾಗಿಲು ತೆಗೆಯಲಿಲ್ಲ. ಕುರಿಗಾರರ ಮನೆಯವಳು ಎಂದು ತೆಗೆದರು. ಆ ಒಂದು ಮಾತಿನ ಮೇಲೆ ನಾನು ಆ ಮೇಜಿನ ಬಳಿ ಕೂರುತ್ತಿದ್ದೆ. ಈಗ ಅದು ಸುಳ್ಳೆನಿಸಿದೆ.

ಶೋಭನಾ


ಎಸ್ಕಿಲ್‌ಸ್ಟುನಾ
15 ಡಿಸೆಂಬರ್ 2024

ಶೋಭನಾ,

ಬರೆಯುವುದು ತಡವಾಯಿತು. ಬರೆದು ಹರಿದವುಗಳ ಲೆಕ್ಕ ಹೇಳುವುದಿಲ್ಲ.

ಬೇಟೆ ನಿಂತಿತು. ರಾಘವ್ ಸ್ಕೀಯಿಂಗ್‌ಗೆ ಹೋಗುತ್ತಾನಂತೆ. ಇಲ್ಲಿ "ಅಂತೆ" ಸರಿಯಾದ ಜಾಗದಲ್ಲಿದೆ.

ಫಿಕಾದಲ್ಲಿ ನಾನೇ ಮಾತೆತ್ತಿದೆ. ಹಿಮಸಾರಂಗಕ್ಕೆ ಒಡೆಯರಿದ್ದಾರೆ, ಆದ್ದರಿಂದ ನಾನು ಹೋಗುವುದಿಲ್ಲ ಎಂದೆ. ಯಾರೂ ಆಶ್ಚರ್ಯಪಡಲಿಲ್ಲ. ಎದ್ದು ಹೋಗುವಾಗ ಲೆನ್ನಾರ್ತ್ ಅವರನ್ನು ತಡೆದು, ನಿಮಗೆ ಮೊದಲಿನಿಂದಲೂ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು ಎಂದರು. ಹಾಗಾದರೆ ಹೇಳಲಿಲ್ಲವೇಕೆ ಎಂದೆ. ಅವರು ಕೋಟಿನ ಗುಂಡಿ ಹಾಕುತ್ತ ಹೇಳಿದರು: "ನೀನು ತುಂಬಾ ಖುಷಿಯಲ್ಲಿದ್ದೆ." ಆ ಸಂಜೆ ಮನೆಗೆ ನಡೆದೇ ಹೋದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ನಿನ್ನ ಕಾಗದದಲ್ಲಿ ಅಂತೆಯ ವಿಷಯಕ್ಕೆ ನಾನು ಏನನ್ನುತ್ತೇನೆಂದು ನೀನು ಕಾಯುತ್ತಿರಬಹುದು. ನೋಡದೆ ಏನೂ ಅನ್ನುವುದಿಲ್ಲ. ಅವ್ವನಿಗೆ ಹೇಳಿಲ್ಲ. ಇದನ್ನು ನೀನು ನಂಬಲಿಕ್ಕಿಲ್ಲ.

ಆದರೆ ಒಂದು ಮಾತು ನನಗೆ ನಾಟಿತು. ಅದು ಸುಳ್ಳೆನಿಸಿದೆ ಎಂದು ಬರೆದಿದ್ದೀಯ. ಅದು ಸುಳ್ಳಲ್ಲ. ಜತೆಗಿರುವ ಚೀಟಿಯಲ್ಲಿ ನಮ್ಮ ಮನೆಯ ಕಿವಿಗುರುತನ್ನು ಬರೆದಿದ್ದೇನೆ. ಎಡಗಿವಿಯ ತುದಿ ನೇರ ಕತ್ತರಿ, ಬಲಗಿವಿಯ ಹಿಂಬದಿಗೆ ಅರ್ಧಚಂದ್ರ. ಯಾರನ್ನೂ ಕೇಳಿ ಬರೆದದ್ದಲ್ಲ. ಬೆಳಗಾಗುವ ಮೊದಲು ದೊಡ್ಡಿಯಲ್ಲಿ ಕಣ್ಣು ಕಾಣಿಸದಾಗ ಮುತ್ಯಾ ನನ್ನ ಹೆಬ್ಬೆರಳನ್ನು ಕುರಿಯ ಕಿವಿಗೆ ಹಚ್ಚಿ, ನಮ್ಮದೋ ಮಂದಿಯದೋ ಹೇಳು ಎನ್ನುತ್ತಿದ್ದ. ತಪ್ಪು ಹೇಳಿದರೆ ನನ್ನ ಕಿವಿಯನ್ನೇ ಹಿಂಡುತ್ತಿದ್ದ.

ಇದನ್ನು ಮಾರಿತ್ ಅವರಿಗೆ ಕೊಡು. ಆ ಪ್ರಶ್ನೆ ಕೇಳಿದ್ದು ತಪ್ಪು, ಮತ್ತು ಅದು ತಪ್ಪೆಂದು ನನಗೆ ಕಲಿಸಿದ ಮನೆಯೇ ನನ್ನದು ಎಂದು ಹೇಳು. ನಾನು ಬಂದೂಕಿಲ್ಲದೆ ಬರಬಹುದೇ ಎಂದು ಕೇಳು. ಹಿಂಡಿನ ಕೆಲಸಕ್ಕೆ ಎರಡು ಕೈ ಬೇಕಾಗಿದ್ದರೆ ಮಾತ್ರ. ನೆಂಟನಾಗಿ ಬರುವುದಿಲ್ಲ.

ಸಿದ್ದಲಿಂಗ


ಲುಲೆಯೊ
6 ಜನವರಿ 2025

ಅಣ್ಣನಿಗೆ ಶೋಭನಾಳ ನಮಸ್ಕಾರ.

ಚೀಟಿ ಕೊಟ್ಟೆ. ಮಾರಿತ್ ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಹಾಲಿನ ಖಾಲಿ ಡಬ್ಬಿಯ ರಟ್ಟಿನಲ್ಲಿ ಎರಡು ಕಿವಿ ಕತ್ತರಿಸಿ, ಚಾಕುವಿನಿಂದ ನಿನ್ನ ಗುರುತು ಕೊಯ್ದು, ಮೇಜಿನ ಮೇಲಿಟ್ಟುಕೊಂಡು ನೋಡಿದರು. ಅರ್ಧಚಂದ್ರವನ್ನು ಕುರಿಯ ಕಿವಿಗೆ ಹೇಗೆ ಹಾಕುತ್ತಾರೆ, ಕಿವಿ ಜೋತಾಡುವುದಿಲ್ಲವೇ ಎಂದು ಕೇಳಿದರು. ನನಗೆ ಗೊತ್ತಿಲ್ಲ, ಅಣ್ಣನಿಗೆ ಗೊತ್ತು ಎಂದೆ. ಹಾಗೆನ್ನುವಾಗ ನನ್ನ ಧ್ವನಿ ಜೋರಾಯಿತೆಂದು ಅಂತೆ ಹೇಳಿದ. (ಕರ್ತೃವನ್ನು ಗಮನಿಸು.)

ಆ ರಟ್ಟಿನ ಕಿವಿಗಳು ಈಗ ಅವರ ಕಿಟಕಿಯ ಮೇಲಿವೆ.

ಫೆಬ್ರವರಿಯ ಎರಡನೆಯ ವಾರ ಹಿಂಡನ್ನು ಬೇರ್ಪಡಿಸುತ್ತಾರೆ. ಹಲವು ಮನೆಗಳ ಪ್ರಾಣಿಗಳು ಒಟ್ಟಿಗೆ ಬೇಲಿಯೊಳಗೆ ಬರುತ್ತವೆ. ಕಿವಿ ನೋಡಿ ಹಿಡಿದು, ಅವರವರ ದೊಡ್ಡಿಗೆ ಎಳೆದು ಹಾಕಬೇಕು. ಕೈ ಬೇಕಂತೆ. ಕಂಬಳಿ ತರಬೇಕಂತೆ. ಬ್ಯಾಂಕಿನ ಕಾಗದವನ್ನೂ ತರಬೇಕಂತೆ, ಒಲೆ ಹೊತ್ತಿಸಲು ಒಣ ಕಾಗದ ಯಾವಾಗಲೂ ಬೇಕು ಎಂದು ಮಾರಿತ್ ಹೇಳಿಕಳಿಸಿದ್ದಾರೆ. ಅವರು ನಗುತ್ತಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಎರಡು ವರ್ಷವಾದರೂ ತಿಳಿಯುವುದಿಲ್ಲ.

ಒಳಗೆ ಉಣ್ಣೆ, ಹೊರಗೆ ಗಾಳಿ ತಡೆಯುವುದು ಹಾಕಿಕೊಂಡು ಬಾ.

ಶೋಭನಾ


ಎಸ್ಕಿಲ್‌ಸ್ಟುನಾ
2 ಮಾರ್ಚ್ 2025

ತಂಗಿ ಶೋಭನಾಗೆ ಅಣ್ಣನ ಆಶೀರ್ವಾದ.

ಪಕ್ಕೆಲುಬಿನ ನೋವು ಕಡಿಮೆಯಾಗಿದೆ. ಚಳಿಗಾಲದಲ್ಲೂ ಹೆಣ್ಣು ಹಿಮಸಾರಂಗಕ್ಕೆ ಕೊಂಬಿರುತ್ತದೆಂದು ಬೇಟೆಗಾರರ ಪುಸ್ತಕದಲ್ಲಿ ಓದಿದ್ದೆ. ಆ ಕೊಂಬು ಎಷ್ಟು ಎತ್ತರಕ್ಕೆ ಬಂದು ತಾಗುತ್ತದೆಂದು ಪುಸ್ತಕದಲ್ಲಿರಲಿಲ್ಲ. ನಾನು ಹಿಮದಲ್ಲಿ ಅಂಗಾತ ಬಿದ್ದಿದ್ದಾಗ ಅಂತೆ ಮೇಲಿನಿಂದ ಬಗ್ಗಿ, ನೀನು ಕಲಿಸಿದ ಕನ್ನಡದಲ್ಲಿ, "ಅಣ್ಣ, ಏಳು" ಎಂದ. ಏಕವಚನ. ಎದ್ದ ಮೇಲೆ, ನೀನು ಅವನಿಗೆ ಬಹುವಚನ ಕಲಿಸಿಲ್ಲವೆಂದು ಹೊಳೆಯಿತು. ಬೇಡ, ಹಾಗೆಯೇ ಇರಲಿ.

ನಾನು ಅಲ್ಲಿ ಹೇಳದೇ ಬಂದದ್ದನ್ನು ಬರೆಯಬೇಕು. ಮೊದಲ ದಿನ ಹಿಂಡು ಸುತ್ತ ತಿರುಗುತ್ತಿತ್ತು, ಅದರ ಉಸಿರೇ ಮೋಡವಾಗಿ ನನಗೆ ಏನೂ ಕಾಣುತ್ತಿರಲಿಲ್ಲ. ನೀವೆಲ್ಲ ದೂರದಿಂದಲೇ ಕಿವಿ ಓದುತ್ತಿದ್ದಿರಿ. ನನಗೆ ಆಗಲಿಲ್ಲ. ಒಂದರ ಕುತ್ತಿಗೆ ತಬ್ಬಿ ಹಿಡಿದೆ, ಹಲ್ಲಿನಿಂದ ಕೈಗವಸು ಕಿತ್ತು ಹೆಬ್ಬೆರಳನ್ನು ಕಿವಿಗೆ ಹಚ್ಚಿದೆ. ಬಿಸಿಯಾಗಿತ್ತು. ಗಾಯ ಮಾಗಿದ ಅಂಚು, ಅದೇ ಒರಟು, ಅದೇ ಕಡಿತ. ನಮ್ಮದಲ್ಲ. ನಮ್ಮದಲ್ಲವೆಂದು ನನ್ನ ಕೈಗೆ ಗೊತ್ತಾಯಿತು. ಹಿಂದಿನ ಸಂಜೆ ಮಾರಿತ್ ರಟ್ಟಿನಲ್ಲಿ ಕೊಯ್ದು ತೋರಿಸಿದ್ದ ಗುರುತೇ ಬೆರಳಿಗೆ ಸಿಕ್ಕಿತ್ತು, ಅವರದೆಂದು ಕೂಗಿದೆ. ಅವರು ಬಂದು ತಾವೂ ಮುಟ್ಟಿ ನೋಡಿ, ಹೌದು ಎಂದರು. ಅಷ್ಟೇ. ಅಷ್ಟು ದಿನದಲ್ಲಿ ಅಲ್ಲಿ ಯಾರೂ ನನಗೆ "ಇಂತ್ರೆಸ್ಸಾಂತ್" ಎನ್ನಲಿಲ್ಲ. ಇದನ್ನು ನಾನು ಬಂದೂಕಿನ ಪರವಾನಗಿಗಿಂತ ಮೇಲೆ ಇಟ್ಟಿದ್ದೇನೆ.

ಕಂಬಳಿಯನ್ನು ಅವರಿಗೇ ಬಿಟ್ಟು ಬಂದೆ. ಮೂಸಿ ನೋಡಿ ಇಟ್ಟುಕೊಂಡರು.

ಮೊನ್ನೆ ಫಿಕಾದಲ್ಲಿ ಏನು ತಂದೆ ಎಂದು ಲೆನ್ನಾರ್ತ್ ಕೇಳಿದರು. ಅಂಗಿ ಸರಿಸಿ ಪಕ್ಕೆಯ ನೀಲಿ ಗುರುತು ತೋರಿಸಿದೆ. ಆಮೇಲೆ, ನಮ್ಮ ಮನೆತನ ಕುರಿ ಕಾಯುವವರದು, ಊರಿಂದೂರಿಗೆ ಹಿಂಡಿನ ಹಿಂದೆ ನಡೆದವರು ನಾವು ಎಂದೆ. ಎಂಟು ವರ್ಷ ಅಲ್ಲಿ ಕೂತು ಇದನ್ನು ಹೇಳಿರಲಿಲ್ಲ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಹೇಳು" ಎಂದರು. ಫಿಕಾ ಮುಗಿದ ಮೇಲೂ ಯಾರೂ ಏಳಲಿಲ್ಲ.

ಇನ್ನು ಮುಖ್ಯ ವಿಷಯ. ನೀನು ಒಪ್ಪಿಗೆ ಕೊಟ್ಟಿದ್ದರಿಂದ ಇವತ್ತು ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದೆ. ಶೋಭಾ ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆ, ನಾನು ಹೋಗಿ ನೋಡಿಬಂದೆ, ನನಗೆ ಒಪ್ಪಿಗೆ ಎಂದೆ. ಅವ್ವ ಹೆಸರು ಕೇಳಿದಳು.

"ಅಂತೆ" ಎಂದೆ.

"ಏನಂತ?"

"ಅಂತೆ ಅಂತ."

"ನೆಟ್ಟಗ ಹೇಳೋ ಮಂಗ್ಯಾ. ಯಾರರ ಹೇಳಿದ್ದು ಹೇಳಬ್ಯಾಡ, ನೀ ಕಂಡಿದ್ದು ಹೇಳು."

ನಾನು ಕಂಡದ್ದನ್ನೇ ಹೇಳುತ್ತಿದ್ದೇನೆಂದು ತಿಳಿಸುವಷ್ಟರಲ್ಲಿ ಸಾಕಾಯಿತು. ಜಾತಿ ಕೇಳುತ್ತಾಳೆ, ಸಂಬಳ ಕೇಳುತ್ತಾಳೆ ಎಂದು ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದಳು.

"ಹಿಂಡ ಕಾಯ್ತಾರವ್ವ. ನಮ್ಮಂಗ. ಚಳಿಗಾಲಕ್ಕ ಒಂದ್ ಕಡೆ, ಬ್ಯಾಸಿಗಿಗೆ ಒಂದ್ ಕಡೆ."

ಹುಡುಗನ ಮನೆಯಲ್ಲಿ ಹಿಂಡಿದೆ ಎಂದ ಮೇಲೆ ಲೋಕದಲ್ಲಿ ಯಾರಾದರೂ ಮುಂದೆ ಕೇಳುವುದು ಒಂದೇ ಪ್ರಶ್ನೆ. ನಾನು ಅದಕ್ಕೇ ಕಾಯುತ್ತಿದ್ದೆ.

"ಈ ವರ್ಷ ಮೇವು ಸಿಕ್ಕೈತೇನ ಅವಕ್ಕ?" ಎಂದಳು.

ನೆಲದ ಮೇಲೆ ಮಂಜು ಗಟ್ಟಿಯಾಗಿ ಕೂತಿದೆ, ಕಷ್ಟವಿದೆ, ಆದರೂ ಹಿಂಡು ಗಟ್ಟಿಯಾಗಿದೆ, ಕಣ್ಣಾರೆ ನೋಡಿದ್ದೇನೆ ಎಂದೆ.

"ಹಂಗಾದ್ರ ಚಲೋ ಆತು" ಎಂದಳು. "ಅವರವ್ವಗ ನನ್ನ ನಮಸ್ಕಾರ ಹೇಳಂತ ಹೇಳು ಶೋಭಾಗ."

ಹೇಳಿದ್ದೇನೆ.

ಎಷ್ಟು ಎಂದು ಅವ್ವ ಕೇಳಲಿಲ್ಲ.

ನಿನ್ನ ಅಣ್ಣ
ಸಿದ್ದಲಿಂಗ